ಹಿಮವತ್ಕೇದಾರ: ಮರಳಿ ಕಟ್ಟಿದ್ದು, ಕಟ್ಟದೆ ಉಳಿದದ್ದು



ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿದ್ದಿರಿ. ಈ ದತ್ತಿ ಉಪನ್ಯಾಸದ ದಾನಿಗಳ ಆಶಯ ಮಾತ್ರ ಒಂದಿತ್ತು: ವರ್ಷಕ್ಕೊಮ್ಮೆಯಾದರೂ ಈ ವೇದಿಕೆಯಲ್ಲಿ ಒಂದು ತೀರ್ಥಕ್ಷೇತ್ರದ ಮಾತು ಆಗಬೇಕು. ಅದರಂತೆ ಇವತ್ತು ಕೇದಾರನಾಥವನ್ನು ಎತ್ತಿಕೊಂಡಿದ್ದೇನೆ. ಸ್ಥಳಪುರಾಣವನ್ನು ನಿರೀಕ್ಷಿಸಿ ಬಂದವರು ಕ್ಷಮಿಸಬೇಕು. ಪಾಂಡವರ ಕಥೆ ನಿಮಗೆಲ್ಲ ಗೊತ್ತೇ ಇದೆ, ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ಇದ್ದಾರೆ. ನಾನು ಮಾತಾಡುವುದು 2013ರ ಜೂನ್ ತಿಂಗಳ ಪ್ರವಾಹದ ನಂತರ ಆ ಕ್ಷೇತ್ರವನ್ನು ಮತ್ತೆ ಕಟ್ಟಿದ ಬಗೆಯನ್ನು ಕುರಿತು.

ಮೊದಲಿಗೆ ಆ ನೆಲ ಎಂಥದು, ಅಲ್ಲಿ ಆದದ್ದೇನು ಎಂಬುದನ್ನು ನೋಡೋಣ. ಆಮೇಲೆ ಕಟ್ಟಿದ ಕೆಲಸ. ಮೂರನೆಯದಾಗಿ ಆ ಊರು ಯಾರದು ಎಂಬ ಪ್ರಶ್ನೆ. ಕರ್ನಾಟಕದ ನಂಟು ಬರುವುದು ಅಲ್ಲಿ. ಕೊನೆಗೆ ದಾರಿ ಮತ್ತು ದಾರಿಯ ಮೇಲಿನ ಜನಸಂಖ್ಯೆ. ಜಲವಿದ್ಯುತ್ ಯೋಜನೆಗಳ ವಿಚಾರ ದೊಡ್ಡದು, ಅದಕ್ಕೆ ಬೇರೆಯೇ ಒಂದು ಉಪನ್ಯಾಸ ಬೇಕು. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಆರಂಭದಿಂದಲೇ ವಾದಕ್ಕೆ ಸಿದ್ಧರಾಗಬಹುದು. ಗುಡಿಯ ಸುತ್ತಲಿನ ಊರನ್ನು ನಮ್ಮ ದೇಶ ಕಟ್ಟಿತು, ಸಾಹಸದಿಂದಲೇ ಕಟ್ಟಿತು. ಆದರೆ ಕೇದಾರವೆಂದರೆ ಗುಡಿ ಎಷ್ಟೋ ದಾರಿಯೂ ಅಷ್ಟೇ. ಆ ದಾರಿಯ ಮೇಲೆ ಒಂದು ಹೊತ್ತಿನಲ್ಲಿ ಎಷ್ಟು ಜನ ಇರಬಹುದು, ಮೋಡ ಕವಿದ ದಿನ ಅವರನ್ನು ಯಾರು ತಡೆದು ನಿಲ್ಲಿಸಬೇಕು ಎಂಬ ಕಟ್ಟುಪಾಡನ್ನು ನಾವು ಇನ್ನೂ ಕಟ್ಟಿಲ್ಲ.

ಈಗ ನೆಲದ ಮಾತಿಗೆ ಬರುತ್ತೇನೆ.

ಕೇದಾರನಾಥ ಇರುವುದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿ. ಗುಡಿಯ ಬೆನ್ನಿಗೆ ಚೋರಾಬಾರಿ ಹಿಮನದಿ. ಅಲ್ಲಿಂದ ಮಂದಾಕಿನಿ ಹುಟ್ಟಿ ಬರುತ್ತಾಳೆ, ಪಕ್ಕದಿಂದ ಸರಸ್ವತಿ ಎಂಬ ಹೊಳೆ ಬಂದು ಸೇರುತ್ತದೆ. ಇವೆರಡರ ನಡುವಿನ ಪಟ್ಟಿಯ ಮೇಲೆ ಊರು. ಈ ಪಟ್ಟಿ ಬಂಡೆಯ ನೆಲವಲ್ಲ. ಹಿಮನದಿ ಹಿಂದೆ ಸರಿಯುತ್ತ ಬಿಟ್ಟುಹೋದ ಕಲ್ಲು, ಮರಳು, ಜೇಡಿಯ ರಾಶಿ ಅದು. ಮೇಲೆ ಹುಲ್ಲು ಬೆಳೆದಿದ್ದರಿಂದ ನೋಡುವವರಿಗೆ ಮೈದಾನದಂತೆ ಕಾಣುತ್ತಿತ್ತು, ಅಷ್ಟೆ.

ಗುಡಿಯಿಂದ ಎರಡು ಕಿಲೋಮೀಟರ್ ಒಳಗೇ, ಇನ್ನೂ ಮೇಲೆ, ಒಂದು ಸರೋವರವಿತ್ತು. ಹೆಸರು ಚೋರಾಬಾರಿ ತಾಲ್. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿ ವಿಸರ್ಜಿಸಿದ ಮೇಲೆ ಗಾಂಧಿ ಸರೋವರ ಎಂದೂ ಕರೆಯುತ್ತಾರೆ. ಹಿಮನದಿಯ ಅಂಚಿನ ಕಲ್ಲುಮಣ್ಣಿನ ದಿಬ್ಬವೇ ಅದರ ಕಟ್ಟೆ. ನೀರು ಹೊರಹೋಗಲು ಕೋಡಿ ಇರಲಿಲ್ಲ, ಬುಡದಲ್ಲಿ ಜಿನುಗಿ ಹೋಗಬೇಕಿತ್ತು. ನಮ್ಮ ಬಯಲುಸೀಮೆಯ ಕೆರೆ ಕಟ್ಟಿದವರು ಕೋಡಿಯಿಲ್ಲದ ಕೆರೆಯನ್ನು ಕಂಡಿದ್ದರೆ ಅದರ ಕೆಳಗೆ ಗುಡಿಸಲನ್ನೂ ಹಾಕುತ್ತಿರಲಿಲ್ಲ.

2013ರಲ್ಲಿ ಮುಂಗಾರು ಅಪರೂಪದ ಅವಸರ ತೋರಿತು. ಆಗಿನ ಲೆಕ್ಕದಂತೆ ಜುಲೈ ನಡುವಿನ ಹೊತ್ತಿಗೆ ದೇಶವನ್ನೆಲ್ಲ ಆವರಿಸಬೇಕಾದ ಮಾರುತ ಜೂನ್ 16ಕ್ಕೇ ಆವರಿಸಿತು. ಪಶ್ಚಿಮದಿಂದ ಬಂದ ಇನ್ನೊಂದು ವಾಯುಪ್ರವಾಹ ಅದನ್ನು ಹಿಮಾಲಯದ ಮೇಲೆ ಸಂಧಿಸಿತು. ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು ಚೋರಾಬಾರಿ ಹಿಮನದಿಯ ಬಳಿ ಒಂದು ಮಾಪನ ಶಿಬಿರ ಇಟ್ಟಿದ್ದರು. ಜೂನ್ 15ರ ಸಂಜೆ ಐದರಿಂದ ಮರುದಿನ ಸಂಜೆ ಐದರವರೆಗೆ ಅಲ್ಲಿ ದಾಖಲಾದ ಮಳೆ 325 ಮಿಲಿಮೀಟರ್. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆಯ ಮೂರನೆಯ ಒಂದು ಪಾಲು ಇಪ್ಪತ್ತನಾಲ್ಕು ಗಂಟೆಯಲ್ಲಿ ಸುರಿಯಿತು. ಅದೂ ಇನ್ನೂ ಕರಗದೆ ಉಳಿದಿದ್ದ ಹಿಮದ ಮೇಲೆ.

ಏಟು ಒಂದೇ ಸಲ ಬೀಳಲಿಲ್ಲ, ಎರಡು ಸಲ ಬಿತ್ತು. 16ರ ಸಂಜೆ ಸರಸ್ವತಿಯೂ ಸುತ್ತಲಿನ ಇಳಿಜಾರುಗಳೂ ಉಕ್ಕಿ ಊರಿನ ಒಂದು ಭಾಗವನ್ನು ಕೊಚ್ಚಿದವು. ಆದಿಶಂಕರರ ಸಮಾಧಿ ಹೋಯಿತು. ಉಳಿದವರು ಗುಡಿಯೊಳಗೆ, ಎತ್ತರದ ಮನೆಗಳಲ್ಲಿ ರಾತ್ರಿ ಕಳೆದರು. ಬೆಳಗಾದರೆ ಇಳಿದು ಹೋಗಬಹುದು ಎಂದುಕೊಂಡಿದ್ದರು. 17ರ ಬೆಳಿಗ್ಗೆ ಏಳು ಗಂಟೆ ಆಗುವ ಮುನ್ನ ಸರೋವರದ ಕಟ್ಟೆ ಒಡೆಯಿತು. ವಾಡಿಯಾ ಸಂಸ್ಥೆಯ ವಿಜ್ಞಾನಿಗಳ ಅಂದಾಜಿನಂತೆ ಇಡೀ ಸರೋವರ ಬರಿದಾಗಲು ಹಿಡಿದದ್ದು ಐದರಿಂದ ಹತ್ತು ನಿಮಿಷ. ನೀರಿಗಿಂತ ಹೆಚ್ಚಾಗಿ ಕೊಂದದ್ದು ನೀರು ಹೊತ್ತು ತಂದ ಕಲ್ಲು. ಏಳು ಕಿಲೋಮೀಟರ್ ಕೆಳಗೆ, ದಾರಿಯ ನಡುವಿನ ತಂಗುದಾಣವಾಗಿದ್ದ ರಾಮಬಾಡಾ ಊರಿಗೆ ಊರೇ ಅಳಿಸಿಹೋಯಿತು. ಇವತ್ತು ಆ ಜಾಗದಲ್ಲಿ ಊರಿತ್ತು ಎಂಬುದನ್ನು ಯಾರಾದರೂ ಹೇಳಿಯೇ ತಿಳಿಯಬೇಕು.

ಗುಡಿ ಉಳಿಯಿತು. ಹಿಂದಿನಿಂದ ಉರುಳಿ ಬಂದ ಭಾರಿ ಬಂಡೆಯೊಂದು ಗುಡಿಯ ಬೆನ್ನಿಗೆ ಸ್ವಲ್ಪ ದೂರದಲ್ಲೇ ನಿಂತು ಪ್ರವಾಹವನ್ನು ಎರಡಾಗಿ ಸೀಳಿತು. ಭೀಮಶಿಲೆ ಎಂದು ಅದಕ್ಕೆ ಈಗ ಪೂಜೆ ನಡೆಯುತ್ತದೆ. ಇದನ್ನು ಪವಾಡ ಎನ್ನುವವರ ಜತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಬಂಡೆಯ ಜತೆಗೆ ಕಟ್ಟಿದವರಿಗೂ ಸ್ವಲ್ಪ ಗೌರವ ಸಲ್ಲಬೇಕು. ಎತ್ತರದ ಜಗಲಿ, ದಪ್ಪ ಚಪ್ಪಡಿಗಳ ಗೋಡೆ, ಕಣಿವೆಯ ಉದ್ದಕ್ಕೆ ಹೊಂದಿಸಿಕೊಂಡ ನಿಲುವು, ಬೆನ್ನು ಹಿಮನದಿಗೆ ಮುಖ ದಕ್ಷಿಣಕ್ಕೆ. ಆ ಶಿಲ್ಪಿಗಳಿಗೆ ಬೆಟ್ಟ ಏನು ಕಳಿಸಬಲ್ಲದು ಎಂಬ ಅಂದಾಜು ಇದ್ದಿರಬೇಕು. ಅವರು ಸುತ್ತಲೂ ಮೂರಂತಸ್ತಿನ ವಸತಿಗೃಹ ಕಟ್ಟಿರಲಿಲ್ಲ ಎಂಬುದೂ ನಿಜ.

ಇಲ್ಲಿ ಒಬ್ಬ ವಿಜ್ಞಾನಿಯನ್ನು ನೆನೆಯಬೇಕು. ಖಡ್ಗ ಸಿಂಗ್ ವಾಲ್ದಿಯಾ ಕುಮಾಊಂ ಬೆಟ್ಟಗಳ ಮಗ. ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದರು, 2020ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ದುರಂತದ ನಂತರ ಅವರು ಹೇಳಿದ ಮಾತು ಸರಳವಾಗಿತ್ತು. ಹೊಳೆಗೆ ತಾನು ಹರಿಯುವ ಪಾತ್ರ ಒಂದು, ಪ್ರವಾಹ ಬಂದಾಗ ಬೇಕಾಗುವ ಪಾತ್ರ ಇನ್ನೊಂದು. ಕೇದಾರದಲ್ಲಿ ಮಂದಾಕಿನಿಗೆ ಎರಡು ಕವಲುಗಳಿದ್ದವು. ಒಂದು ಬಹುಕಾಲ ಬತ್ತಿತ್ತು, ಜನ ಅದನ್ನು ನದಿ ಬಿಟ್ಟುಕೊಟ್ಟ ಜಾಗ ಎಂದು ತಿಳಿದು ಮನೆ ಕಟ್ಟಿದರು. 2013ರಲ್ಲಿ ನದಿ ತನ್ನ ಹಳೆಯ ಪಾತ್ರಕ್ಕೆ ಬಂದಿತು. ಅವರ ಬರಹಗಳನ್ನು ಓದುವಾಗ ನನಗೆ ಎದ್ದು ಕಾಣುವುದು, ಇದರಲ್ಲಿ ರಹಸ್ಯವೇನೂ ಇರಲಿಲ್ಲ ಎಂಬ ಸಂಗತಿ. ಬೆಟ್ಟದ ಹಳೆಯ ಹಳ್ಳಿಗಳು ಹೊಳೆಯ ದಂಡೆಯಲ್ಲಿಲ್ಲ, ಎತ್ತರದ ಗಟ್ಟಿ ಇಳಿಜಾರಿನಲ್ಲಿವೆ. ದಂಡೆಗೆ ಇಳಿದದ್ದು ರಸ್ತೆ ಬಂದ ಮೇಲೆ, ಅಂಗಡಿ ಹೋಟೆಲು ಬಂದ ಮೇಲೆ.

ಸತ್ತವರ ಸಂಖ್ಯೆಯ ಬಗ್ಗೆ ಒಂದೇ ಮಾತು. ಕಾಣೆಯಾದವರೂ ಸೇರಿ ನಾಲ್ಕು ಸಾವಿರಕ್ಕೂ ಮೇಲೆ ಎನ್ನುತ್ತಾರೆ. ಬೇರೆ ಬೇರೆ ಸರ್ಕಾರಿ ಪಟ್ಟಿಗಳಲ್ಲಿ ಬೇರೆ ಬೇರೆ ಅಂಕಿ ಇದೆ. ಅದಕ್ಕೆ ಕಾರಣ ನಿರ್ಲಕ್ಷ್ಯವೊಂದೇ ಅಲ್ಲ. ಆ ದಿನ ಬೆಟ್ಟದ ಮೇಲೆ ಯಾರು ಯಾರು ಇದ್ದರು ಎಂಬ ದಾಖಲೆಯೇ ಇರಲಿಲ್ಲ. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾಲ್ಕನೆಯ ಭಾಗದಲ್ಲಿ ಬೇಕಾಗುತ್ತದೆ.

ಇನ್ನು ಎರಡನೆಯದು, ಕಟ್ಟಿದ ಕೆಲಸ.

ವಾಯುಪಡೆ, ಸೇನೆ, ಗಡಿ ಪೊಲೀಸರು ಸೇರಿ ಆ ಜೂನಿನಲ್ಲಿ ಇಡೀ ಪ್ರದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೊರತಂದರು. ಜೂನ್ 25ರಂದು, ನಡಿಗೆಯ ದಾರಿ ಶುರುವಾಗುವ ಗೌರಿಕುಂಡದ ಬಳಿ ವಾಯುಪಡೆಯ ಹೆಲಿಕಾಪ್ಟರ್ ಬಿದ್ದು ಇಪ್ಪತ್ತು ಮಂದಿ ರಕ್ಷಕರೇ ಪ್ರಾಣ ಕೊಟ್ಟರು. ಆ ದಿನಗಳಲ್ಲಿ ಕೇದಾರಕ್ಕೆ ಹಾರಿದ ಯಂತ್ರಗಳು ಸಾಗಿಸಿದ ಸರಕುಗಳಲ್ಲಿ ಒಂದು, ಸಾಮೂಹಿಕ ದಹನಕ್ಕೆ ಬೇಕಾದ ಸೌದೆ. ಮರವೇ ಬೆಳೆಯದ ಎತ್ತರ ಅದು.

ಗುಡಿಯಲ್ಲಿ ಪೂಜೆ ಮತ್ತೆ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 11ರಂದು. ಸುತ್ತ ಊರಿಲ್ಲ, ದಾರಿಯಿಲ್ಲ, ಗುಡಿಯಲ್ಲಿ ಮಾತ್ರ ದೀಪ ಹತ್ತಿತು. ಬೇಗ ಮಾಡಿದರು ಎಂದು ಟೀಕಿಸಿದವರಿದ್ದರು. ನನಗೆ ಹಾಗನಿಸುವುದಿಲ್ಲ. ಕಣಿವೆಯ ಜನರಿಗೆ ಆ ದೀಪ ಬೇಕಿತ್ತು. ತಪ್ಪಿದ್ದರೆ ಅದು ಆಮೇಲಿನ ಅವಸರದಲ್ಲಿದೆ.

ದಾರಿ ಮತ್ತು ಊರಿನ ಕೆಲಸವನ್ನು ಎತ್ತಿಕೊಂಡದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ. ಆಗ ಅದರ ಪ್ರಾಂಶುಪಾಲರಾಗಿದ್ದವರು ಕರ್ನಲ್ ಅಜಯ್ ಕೋಠಿಯಾಲ್. ಗುತ್ತಿಗೆದಾರರು ಹಿಂಜರಿದ ಜಾಗಕ್ಕೆ ಪರ್ವತ ಹತ್ತುವುದನ್ನು ಕಲಿಸುವ ಸಂಸ್ಥೆ ಹೋಯಿತು. ರಾಮಬಾಡಾದಿಂದ ಮೇಲಿನ ಹಳೆಯ ದಾರಿ ಪೂರ್ತಿ ಕುಸಿದಿದ್ದರಿಂದ ಹೊಳೆ ದಾಟಿ ಎದುರಿನ ಇಳಿಜಾರಿನಲ್ಲಿ, ಲಿಂಚೋಲಿಯ ಮೂಲಕ, ಹೊಸ ದಾರಿ ಕಡಿದರು. ಹದಿನಾಲ್ಕು ಕಿಲೋಮೀಟರ್ ಇದ್ದ ನಡಿಗೆ ಸುಮಾರು ಹದಿನಾರಾಯಿತು. ಏರು ಹೆಚ್ಚಾಯಿತು. 2014ರ ಮೇ ತಿಂಗಳಲ್ಲಿ ಬಾಗಿಲು ತೆರೆದಾಗ ಜನ ನಡೆದು ಬಂದದ್ದು ಈ ದಾರಿಯಲ್ಲೇ.

ಈಗ ಒಂದು ಕ್ಷಣ ಆ ಕೆಲಸವನ್ನು ಹತ್ತಿರದಿಂದ ಊಹಿಸಿ. ಒಂದು ಹೇಸರಗತ್ತೆ ಎರಡು ಚೀಲ ಸಿಮೆಂಟು ಹೊತ್ತು ಮುಂಜಾನೆ ಗೌರಿಕುಂಡ ಬಿಡುತ್ತದೆ. ಮೇಲೆ ತಲುಪುವ ಹೊತ್ತಿಗೆ ಮಧ್ಯಾಹ್ನ, ಮೋಡ ಇಳಿದಿರುತ್ತದೆ. ಮಳೆ ಹನಿದರೆ ಚೀಲ ಗಟ್ಟಿಯಾಗಿ ಕಲ್ಲು. ಹನಿಯದಿದ್ದರೂ, ರಾತ್ರಿ ತಾಪಮಾನ ಸೊನ್ನೆಯ ಕೆಳಗಿಳಿದರೆ ಕಾಂಕ್ರೀಟು ಗಟ್ಟಿಯಾಗುವ ಮುನ್ನ ಅದರೊಳಗಿನ ನೀರು ಹೆಪ್ಪುಗಟ್ಟುತ್ತದೆ, ಗೋಡೆ ಹುಟ್ಟುವಾಗಲೇ ಬಿರುಕು ಹೊತ್ತು ಹುಟ್ಟುತ್ತದೆ. ಕೆಲಸಕ್ಕೆ ಸಿಗುವುದು ವರ್ಷದಲ್ಲಿ ಆರು ತಿಂಗಳು. ಅದರಲ್ಲಿ ಎರಡು ಮಳೆಗಾಲಕ್ಕೆ ಹೋಗುತ್ತವೆ, ಉಳಿದದ್ದರಲ್ಲಿ ಯಾತ್ರಿಕರ ಕಾಲಿಗೆ ಸಿಕ್ಕದೆ ಕೆಲಸ ಮಾಡಬೇಕು. ಇದಕ್ಕೆಲ್ಲ ಕೋಠಿಯಾಲ್ ತಂಡ ಕಂಡುಕೊಂಡ ಉತ್ತರ, ಚಳಿಗಾಲದಲ್ಲೂ ಮೇಲೆಯೇ ಉಳಿಯುವುದು. ಹಿಂದೆ ದೀಪಾವಳಿ ಕಳೆದರೆ ನರಪಿಳ್ಳೆ ಇರದ ಊರಿನಲ್ಲಿ ಅವರು ಹಿಮ ತೋಡಿ ಹೆಲಿಪ್ಯಾಡ್ ಮಾಡಿದರು. 2015ರ ಜನವರಿಯಲ್ಲಿ ವಾಯುಪಡೆಯ ಎಂಐ-26, ಜಗತ್ತಿನ ಅತಿದೊಡ್ಡ ಹೆಲಿಕಾಪ್ಟರುಗಳಲ್ಲಿ ಒಂದು, ಅಲ್ಲಿ ಇಳಿಯಿತು. ಅದರ ಹೊಟ್ಟೆಯಿಂದ ಮಣ್ಣು ಅಗೆಯುವ ಯಂತ್ರಗಳು ಹೊರಬಂದವು.

ಯಂತ್ರ ಬಂದದ್ದು ಒಳ್ಳೆಯದಾಯಿತೇ? ಎರಡು ಮನಸ್ಸಿನಿಂದಲೇ ಹೇಳುತ್ತೇನೆ. ಯಂತ್ರವಿಲ್ಲದೆ ಆ ಕಲ್ಲಿನ ರಾಶಿ ಕದಲುತ್ತಿರಲಿಲ್ಲ. ಆದರೆ ಯಂತ್ರ ಹೋದ ಕಡೆ ಯೋಜನೆಯೂ ಹಿಗ್ಗುತ್ತದೆ. ಸಡಿಲ ಮಣ್ಣು ಕೆಲವು ಚಳಿಗಾಲ ಕೂತು ಗಟ್ಟಿಯಾಗಲಿ, ಅಲ್ಲಿಯವರೆಗೆ ಭಾರದ ಕಟ್ಟಡ ಬೇಡ ಎಂದು ಭೂವಿಜ್ಞಾನಿಗಳು ಎಚ್ಚರಿಸಿದ್ದರು. 2017ರ ಅಕ್ಟೋಬರ್ 20ರಂದು ಪ್ರಧಾನಿ ನರೇಂದ್ರ ಮೋದಿ ಕೇದಾರಪುರಿ ಪುನರ್ನಿರ್ಮಾಣಕ್ಕೆ ಶಿಲಾನ್ಯಾಸ ಮಾಡಿದರು. ಆ ಮೇಲೆ ಕೆಲಸದ ಗಾತ್ರವೇ ಬೇರೆ. ಸಂಗಮದಿಂದ ಗುಡಿಗೆ ನೇರವಾಗಿ ಅಗಲವಾದ ಕಲ್ಲುಹಾಸಿನ ಬೀದಿ, ಎರಡೂ ಹೊಳೆಗಳ ದಂಡೆಗೆ ತಡೆಗೋಡೆ ಮತ್ತು ಘಟ್ಟ, ಗುಡಿಯ ಹಿಂದೆ ಮೂರು ಪದರದ ರಕ್ಷಣಾ ಗೋಡೆ, ಅರ್ಚಕರಿಗೂ ಪುರೋಹಿತರಿಗೂ ಮನೆಗಳು, ನೆಲದ ಮಟ್ಟಕ್ಕಿಂತ ಕೆಳಗೆ ಶಂಕರರ ಹೊಸ ಸಮಾಧಿ. 2021ರ ನವೆಂಬರ್ 5ರಂದು ಸಮಾಧಿ ಲೋಕಾರ್ಪಣೆಯಾಯಿತು.

ಮೊದಲು ಗುಡಿಯ ಮುಂದೆ ಇದ್ದದ್ದು ಇಕ್ಕಟ್ಟಿನ ಗಲ್ಲಿ. ಎರಡೂ ಕಡೆ ಅಂಗಡಿ, ಮೇಲೆ ತಗಡು, ಪ್ರಸಾದದ ತಟ್ಟೆ, ಬಾಡಿಗೆ ಕಂಬಳಿ. ಗುಡಿ ಕಾಣುವುದು ಕೊನೆಯ ತಿರುವಿನಲ್ಲಿ, ಥಟ್ಟನೆ. ಈಗ ಸೇತುವೆಯಿಂದಲೇ ಕಾಣುತ್ತದೆ, ಹಿಂದೆ ಹಿಮಶಿಖರ ಸಮೇತ. ಹಳಬರಿಗೆ ಆ ಥಟ್ಟನೆಯ ದರ್ಶನ ಹೋಯಿತೆಂಬ ಕೊರಗು. ಆದರೆ ಅಪಾಯದ ಹೊತ್ತಿನಲ್ಲಿ ಓಡುವುದಕ್ಕೆ ಬಯಲು ಬೇಕು, ಗಲ್ಲಿಯಲ್ಲ. ಈ ಬೀದಿಯ ಮಟ್ಟಿಗೆ ನಾನು ಕಟ್ಟಿದವರ ಪಕ್ಷ. ಗುಡಿಯ ಹಿಂದಿನ ಗೋಡೆಯ ಬಗ್ಗೆ ಮಾತ್ರ ಅಷ್ಟು ನಿಶ್ಚಿಂತನಲ್ಲ. ಸಾಧಾರಣ ಪ್ರವಾಹವನ್ನು ಗೋಡೆ ತಡೆದೀತು. ಅದರ ಮರೆಯಲ್ಲಿ ಜನ ಮತ್ತೆ ಮೂರಂತಸ್ತು ಏರಿಸಿದರೆ ಆ ಗೋಡೆಯೇ ಮುಂದಿನ ಅಪಾಯಕ್ಕೆ ಧೈರ್ಯ ಕೊಟ್ಟಂತೆ.

ಮೂರನೆಯ ಭಾಗಕ್ಕೆ ಬರೋಣ: ಈ ಊರು ಯಾರದು?

ನಮ್ಮ ಕಡೆಯವರಿಗೆ ಕೇದಾರ ದೂರದ ಊರಲ್ಲ. ವೀರಶೈವ ಪಂಚಪೀಠಗಳಲ್ಲಿ ಹಿಮವತ್ಕೇದಾರ ಪೀಠವೂ ಒಂದು. ಅದರ ನೆಲೆ ಊಖೀಮಠ. ಕೇದಾರದ ರಾವಲ್, ಅಂದರೆ ಮುಖ್ಯ ಗುರು, ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವ ಜಂಗಮರು. ರಾವಲರು ಕೇದಾರದಲ್ಲಿ ತಾವೇ ಪೂಜೆಗೆ ಕೂರುವುದಿಲ್ಲ, ಅವರ ಅಪ್ಪಣೆಯಂತೆ ಅರ್ಚಕರು ನಡೆಸುತ್ತಾರೆ; ಆ ಅರ್ಚಕರೂ ನಮ್ಮ ಸೀಮೆಯಿಂದ ಹೋದವರೇ. ಬಾಗಿಲು ತೆರೆಯುವ ದಿನವನ್ನು ಪ್ರತಿವರ್ಷ ಮಹಾಶಿವರಾತ್ರಿಯಂದು ಊಖೀಮಠದ ಓಂಕಾರೇಶ್ವರ ಗುಡಿಯಲ್ಲಿ ಗೊತ್ತುಮಾಡುತ್ತಾರೆ. ಅಲ್ಲಿಂದ ಪಂಚಮುಖಿ ಉತ್ಸವಮೂರ್ತಿಯ ಡೋಲಿ ಗುಪ್ತಕಾಶಿ, ಫಾಟಾ, ಗೌರಿಕುಂಡ ಎಂದು ತಂಗುತ್ತ ಕಾಲ್ನಡಿಗೆಯಲ್ಲಿ ಮೇಲೇರುತ್ತದೆ. ದೀಪಾವಳಿಯ ಮರುದಿನಗಳಲ್ಲಿ, ಭಾಯಿದೂಜ್ ದಿವಸ ಬಾಗಿಲು ಮುಚ್ಚಿ ಅದೇ ದಾರಿಯಲ್ಲಿ ಇಳಿಯುತ್ತದೆ. ಆರು ತಿಂಗಳು ಊಖೀಮಠದಲ್ಲೇ ಪೂಜೆ. 2013ರಲ್ಲಿ ಗುಡಿ ಕೆಸರು ತುಂಬಿ ನಿಂತಾಗ ಪೂಜೆ ಎಲ್ಲಿ ನಡೆಯಬೇಕು ಎಂಬ ವಾಗ್ವಾದ ಎದ್ದಿತು, ನಡೆಸಲು ಊಖೀಮಠ ಸಿದ್ಧವಾಗಿಯೇ ಇತ್ತು. ದೇವರಿಗೆ ಬದಲಿ ನೆಲೆ ಇಟ್ಟುಕೊಂಡ ಪದ್ಧತಿ ಇದು. ಯಾತ್ರಿಕರಿಗೆ ಅಂಥ ಬದಲಿ ಏರ್ಪಾಡು ಇರಲಿಲ್ಲ.

ಕರ್ನಾಟಕದ ಇನ್ನೊಂದು ನಂಟು ಹೊಸದು. ಹೊಸ ಸಮಾಧಿಯಲ್ಲಿ ಕುಳಿತಿರುವ ಶಂಕರರ ಹನ್ನೆರಡು ಅಡಿಯ ಕೃಷ್ಣಶಿಲೆಯ ಮೂರ್ತಿ ಮೈಸೂರಿನ ಅರುಣ್ ಯೋಗಿರಾಜ್ ಕಡೆದದ್ದು. ಅವರು ಅಯೋಧ್ಯೆಯ ಬಾಲರಾಮನನ್ನು ಕಡೆದು ಮನೆಮಾತಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಹಾಗಾಗಿ ಆ ಕ್ಷೇತ್ರದಲ್ಲಿ ಕನ್ನಡದವರು ಪೂಜೆಗೂ ಇದ್ದಾರೆ, ಶಿಲ್ಪಕ್ಕೂ ಇದ್ದಾರೆ. ಹೆಮ್ಮೆಪಡುವುದಾದರೆ ಹೊಣೆಯ ಮಾತನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ಕೇದಾರದ ಊರು ಎನ್ನುವುದನ್ನು ನಡೆಸಿಕೊಂಡು ಬಂದವರು ತೀರ್ಥಪುರೋಹಿತರು, ಪಂಡಾಗಳು. ಕೆಳಗಿನ ಕಣಿವೆಯ ಹಳ್ಳಿಗಳ ಗಂಡಸರು ಬೇಸಿಗೆಗೆ ಮೇಲೆ ಹೋಗಿ ಮನೆ ತೆರೆಯುತ್ತಾರೆ. ತಮ್ಮ ಸೀಮೆಯ ಯಜಮಾನರನ್ನು ಇಳಿಸಿಕೊಂಡು, ಉಣ್ಣಿಸಿ, ಸಂಕಲ್ಪ ಮಾಡಿಸುತ್ತಾರೆ. ದೇಶದ ಒಂದೊಂದು ಸೀಮೆ ಒಂದೊಂದು ಮನೆತನದ ಪಾಲು. ಯಜಮಾನ ಬಂದಾಗ ಉದ್ದನೆಯ ಬಹಿಯನ್ನು ಬಿಚ್ಚಿ ನಿಮ್ಮ ಊರು, ಅಜ್ಜನ ಹೆಸರು, ಅವರು ಬಂದ ಸಂವತ್ಸರವನ್ನು ಓದಿ ಹೇಳುತ್ತಾರೆ. ಆಮೇಲೆ ನಿಮ್ಮ ಹೆಸರನ್ನೂ ಬರೆಸಿಕೊಳ್ಳುತ್ತಾರೆ, ಜತೆಗೆ ಮಕ್ಕಳ ಹೆಸರನ್ನೂ. ಇದನ್ನು ವ್ಯಾಪಾರ ಎಂದು ಮೂಗು ಮುರಿಯುವವರುಂಟು. ವ್ಯಾಪಾರವೂ ಹೌದು. ಆದರೆ ಬಂದವನು ಯಾರು, ಯಾವ ಊರಿನವನು ಎಂದು ಗುರುತಿಟ್ಟುಕೊಂಡ ಏರ್ಪಾಡು ಆ ಬೆಟ್ಟದಲ್ಲಿ ಅದೊಂದೇ ಆಗಿತ್ತು.

2013ರ ಆ ಜೂನಿನಲ್ಲಿ ಯಾತ್ರೆ ಭರದಲ್ಲಿತ್ತು. ಹಾಗಾಗಿ ಈ ಹಳ್ಳಿಗಳ ಗಂಡಸರೆಲ್ಲ ಮೇಲೆಯೇ ಇದ್ದರು. ಬೇಸಿಗೆ ರಜೆಯ ಹುಡುಗರು ಕೂಡ ನಾಲ್ಕು ಕಾಸು ಸಂಪಾದನೆಗೆಂದು ಅಪ್ಪನ ಜತೆ ಹೋಗಿದ್ದರು. ಗುಪ್ತಕಾಶಿಯ ಬಳಿಯ ದೇವಳಿ-ಭಣಿಗ್ರಾಮ ಎಂಬ ಊರಿಗೆ ಆ ಮೇಲೆ ವಿಧವೆಯರ ಊರು ಎಂಬ ಹೆಸರೇ ಬಿತ್ತು. ಸುಲಭ್ ಎಂಬ ಸ್ವಯಂಸೇವಾ ಸಂಸ್ಥೆ ಊರನ್ನು ದತ್ತು ತೆಗೆದುಕೊಂಡು ಹೆಂಗಸರಿಗೆ ಹೊಲಿಗೆ, ಕಂಪ್ಯೂಟರ್ ಕಲಿಸಿತು. ಒಳ್ಳೆಯ ಕೆಲಸ. ಆದರೆ ಪುನರ್ನಿರ್ಮಾಣ ಎಂದಾಗ ನಮ್ಮ ಕಣ್ಣೆದುರು ಬರುವ ಚಿತ್ರದಲ್ಲಿ ಈ ಊರು ಎಲ್ಲಿದೆ ಹೇಳಿ? ಡ್ರೋನ್ ಕ್ಯಾಮರಾ ಹಾರುವುದು ಗುಡಿಯ ಮೇಲೆ.

ಹೊಸ ಊರಿನ ನಕ್ಷೆ ಬಂದಾಗ ಪುರೋಹಿತರ ತಕರಾರು ಶುರುವಾಯಿತು. ನಮ್ಮ ಮನೆಯಿದ್ದ ನೆಲಕ್ಕೆ ನಮಗೆ ಹಕ್ಕುಪತ್ರ ಕೊಡಿ ಎಂದರು. ಸರ್ಕಾರ ಮನೆ ಕಟ್ಟಿಕೊಡುತ್ತೇವೆ ಎಂದಿತು. 2019ರ ಕೊನೆಯಲ್ಲಿ ರಾಜ್ಯ ಸರ್ಕಾರ ಚಾರ್‌ಧಾಮ್ ಮತ್ತಿತರ ಗುಡಿಗಳಿಗೆ ದೇವಸ್ಥಾನಂ ಮಂಡಳಿಯ ಕಾಯ್ದೆ ತಂದಾಗ ಅವರು ಬೀದಿಗಿಳಿದರು. ಕೊರೆಯುವ ಚಳಿಯಲ್ಲಿ ಗುಡಿಯ ಮುಂದೆ ಧರಣಿ ಕೂತರು. ಚುನಾವಣೆ ಹತ್ತಿರವಿದ್ದಾಗ, 2021ರ ನವೆಂಬರ್ 30ರಂದು, ಕಾಯ್ದೆ ಹಿಂತೆಗೆಯುವುದಾಗಿ ಸರ್ಕಾರ ಸಾರಿತು. ಯಾರು ಸರಿ? ಪುರೋಹಿತರ ಹಿಡಿತವೆಲ್ಲ ಪವಿತ್ರ ಎಂದು ನಾನು ಹೇಳಲಾರೆ. ನದಿಯ ಪಾತ್ರದಲ್ಲಿ ವಸತಿಗೃಹ ಎಬ್ಬಿಸಿದವರಲ್ಲಿ ಅವರೂ ಇದ್ದರು. ಆದರೆ ಕೇದಾರಪುರಿಯ ನಕ್ಷೆ ಬರೆಯುವ ಮೇಜಿನ ಸುತ್ತ ಅವರಿಗೆ ಮೊದಲ ದಿನದಿಂದ ಕುರ್ಚಿ ಇದ್ದಿದ್ದರೆ ಆ ಹಠ ಇಷ್ಟು ಬಿಗಿಯಾಗುತ್ತಿರಲಿಲ್ಲ. ನೊಂದವರನ್ನು ಫಲಾನುಭವಿಗಳೆಂದು ಪಟ್ಟಿಮಾಡುವುದು ಸುಲಭ. ಪಾಲುದಾರರೆಂದು ಕೂರಿಸಿಕೊಳ್ಳುವುದು ಯಾವ ಸರ್ಕಾರಕ್ಕೂ ಅಭ್ಯಾಸವಿಲ್ಲ.

ಕೊನೆಯ ಭಾಗ ದಾರಿಯದು. ಇಲ್ಲಿ ಕೆಲವು ಅಂಕಿಗಳನ್ನು ಹೇಳಲೇಬೇಕು.

ದುರಂತದ ಮರುವರ್ಷ, 2014ರಲ್ಲಿ, ಕೇದಾರಕ್ಕೆ ಬಂದ ಯಾತ್ರಿಕರು ಸುಮಾರು 40 ಸಾವಿರ. 2019ರಲ್ಲಿ 10 ಲಕ್ಷ. 2023ರಲ್ಲಿ 19 ಲಕ್ಷ ದಾಟಿತು. ಪ್ರವಾಹಕ್ಕೆ ಮುಂಚೆ ತುಂಬು ವರ್ಷ ಎನಿಸಿಕೊಂಡ 2012ರಲ್ಲಿ ಬಂದಿದ್ದವರು ಆರು ಲಕ್ಷದೊಳಗೇ. ಹಾಗೆಂದರೆ, ಹೆದರಿಸಬೇಕಾಗಿದ್ದ ದುರಂತದ ಹತ್ತು ವರ್ಷದ ನಂತರ ಅದೇ ಕಣಿವೆಗೆ ಮೂರು ಪಟ್ಟು ಜನ ಹೋಗುತ್ತಿದ್ದಾರೆ. ಗುಡಿ ಉಳಿದ ಕಥೆಯೇ ಕರೆಯೋಲೆಯಾಯಿತು. ಸಿನಿಮಾ ಬಂತು, ಮೊಬೈಲಿನ ರೀಲ್ಸ್ ಬಂತು. 2019ರಲ್ಲಿ ಪ್ರಧಾನಿ ಅಲ್ಲಿನ ಗುಹೆಯಲ್ಲಿ ಧ್ಯಾನಕ್ಕೆ ಕೂತ ಚಿತ್ರ ಮನೆಮನೆಗೆ ತಲುಪಿತು. ಭಕ್ತಿ ಎಷ್ಟು, ಪ್ರವಾಸ ಎಷ್ಟು ಎಂದು ತೂಗಲು ನಾನು ಹೋಗುವುದಿಲ್ಲ. ಹಿಂದೆಯೂ ಯಾತ್ರೆಯಲ್ಲಿ ಎರಡೂ ಇತ್ತು.

ಒಂದು ಒಳ್ಳೆಯ ಪಾಠ ಕಲಿತದ್ದುಂಟು. 2014ರಿಂದ ಯಾತ್ರಿಕರ ನೋಂದಣಿ ಶುರುವಾಯಿತು. ಬೆಟ್ಟದ ಮೇಲೆ ಯಾರಿದ್ದಾರೆಂದು ಗೊತ್ತಿರದ 2013ರ ಸ್ಥಿತಿ ಈಗಿಲ್ಲ. ಮುಕ್ತೇಶ್ವರದಲ್ಲಿ, ಸುರಕಂಡಾದಲ್ಲಿ ಹವಾಮಾನ ನೋಡುವ ಡಾಪ್ಲರ್ ರಡಾರುಗಳು ನಿಂತಿವೆ. 2024ರ ಜುಲೈ 31ರ ರಾತ್ರಿ ಭೀಮಬಲಿ, ಲಿಂಚೋಲಿ ಸುತ್ತ ಮೇಘಸ್ಫೋಟದಂಥ ಮಳೆ ಸುರಿದು ದಾರಿ ಹಲವೆಡೆ ಕೊಚ್ಚಿಹೋದಾಗ ಹತ್ತು ಸಾವಿರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಕೆಲವೇ ದಿನಗಳಲ್ಲಿ ಅವರನ್ನು ಕಾಲ್ನಡಿಗೆಯಲ್ಲೂ ಹೆಲಿಕಾಪ್ಟರಿನಲ್ಲೂ ಕೆಳಗಿಳಿಸಿದರು. ಹನ್ನೊಂದು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ, ಅದನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯ. ಆದರೆ ಗಮನಿಸಿ, ಕುಸಿದದ್ದು ಲಿಂಚೋಲಿಯ ದಾರಿ. 2013ರ ನಂತರ ಸುರಕ್ಷಿತ ಎಂದು ಆರಿಸಿಕೊಂಡ ಇಳಿಜಾರು ಅದೇ. ಈಗ ರಾಮಬಾಡಾದಿಂದ ಗರುಡಚಟ್ಟಿಯ ಕಡೆಯ ಹಳೆಯ ದಾರಿಯನ್ನು ಮತ್ತೆ ಸರಿಮಾಡುವ ಕೆಲಸಕ್ಕೆ ಕೈ ಹಾಕಿದ್ದಾರೆ. ಬೆಟ್ಟದ ಯಾವ ಮಗ್ಗುಲೂ ನಮಗೆ ಬರೆದುಕೊಟ್ಟದ್ದಲ್ಲ ಎಂಬುದು ಕಣಿವೆಯ ಮುದುಕರಿಗೆ ಮೊದಲೇ ಗೊತ್ತಿತ್ತು.

ಕೆಳಗಿನ ರಸ್ತೆಯದೂ ಇದೇ ಕಥೆ. 2016ರ ಡಿಸೆಂಬರಿನಲ್ಲಿ ಶಿಲಾನ್ಯಾಸವಾದ ಚಾರ್‌ಧಾಮ್ ಹೆದ್ದಾರಿ ಯೋಜನೆ ಸುಮಾರು 900 ಕಿಲೋಮೀಟರಿನದು. ರಸ್ತೆಯ ಅಗಲ ಎಷ್ಟಿರಬೇಕು ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು ನೇಮಿಸಿದ ಸಮಿತಿಯ ಅಧ್ಯಕ್ಷ ರವಿ ಚೋಪ್ರಾ ಕಿರಿದಾದ ರಸ್ತೆ ಸಾಕು ಎಂದರು. ಸಮಿತಿಯಲ್ಲೇ ಬಹುಮತ ಬೇರೆ ಇತ್ತು. 2021ರ ಡಿಸೆಂಬರಿನಲ್ಲಿ ಗಡಿ ರಕ್ಷಣೆಯ ಕಾರಣವನ್ನು ಒಪ್ಪಿ ನ್ಯಾಯಾಲಯ ಅಗಲದ ರಸ್ತೆಗೆ ಅನುಮತಿ ಕೊಟ್ಟಿತು, ಚೋಪ್ರಾ ರಾಜೀನಾಮೆ ಕೊಟ್ಟು ಹೊರನಡೆದರು. ಸೇನೆಯ ಅಗತ್ಯವನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಇಳಿಜಾರಿನ ಬುಡ ಕಡಿದರೆ ತಲೆ ಜಾರುತ್ತದೆ ಎಂಬುದಕ್ಕೆ ಮಾತ್ರ ಅಧಿಕಾರ ಬೇಕಿಲ್ಲ.

ಹೆಲಿಕಾಪ್ಟರ್ ಇನ್ನೊಂದು ದಾರಿ. ಗುಪ್ತಕಾಶಿ, ಫಾಟಾ, ಸೆರ್ಸಿಯಿಂದ ಬೆಳಗಿನಿಂದಲೇ ಹಾರಾಟ. ಕಣಿವೆ ಕಿರಿದು, ಮೋಡ ನಿಮಿಷದಲ್ಲಿ ಮುಚ್ಚುತ್ತದೆ. 2022ರ ಅಕ್ಟೋಬರಿನಲ್ಲಿ ಗರುಡಚಟ್ಟಿಯ ಬಳಿ ಏಳು ಜನ, 2025ರ ಜೂನ್ 15ರ ಮುಂಜಾನೆ ಗೌರಿಕುಂಡದ ಬಳಿ ಮತ್ತೆ ಏಳು ಜನ ಸತ್ತರು. ಪ್ರತಿಸಲವೂ ಕೆಲವು ದಿನ ಹಾರಾಟ ನಿಲ್ಲಿಸಿ, ನಿಯಮ ಬಿಗಿಮಾಡಿ, ಮತ್ತೆ ಶುರುಮಾಡುತ್ತಾರೆ.

ಈಗ ರೋಪ್‌ವೇ ಬರುತ್ತಿದೆ. ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್, 4,081 ಕೋಟಿ ರೂಪಾಯಿ. ಕೇಂದ್ರ ಸಂಪುಟ ಒಪ್ಪಿದ್ದು 2025ರ ಮಾರ್ಚಿನಲ್ಲಿ. ಎಂಟೊಂಬತ್ತು ತಾಸಿನ ದಾರಿ 36 ನಿಮಿಷಕ್ಕೆ ಇಳಿಯುತ್ತದೆ. ನಾನು ಇದನ್ನು ಪೂರ್ತಿ ವಿರೋಧಿಸುವವನಲ್ಲ. ಬೆನ್ನಿನ ಮೇಲೆ ಬುಟ್ಟಿ ಕಟ್ಟಿಕೊಂಡು ಮುದುಕರನ್ನು ಹೊರುವ ಕಂಡಿಯವನ ಮೊಣಕಾಲನ್ನು ನೋಡಿದವರು, ಸುರಿವ ಮಳೆಯಲ್ಲಿ ಜಾರಿ ಬಿದ್ದ ಹೇಸರಗತ್ತೆಯನ್ನು ನೋಡಿದವರು ರೋಪ್‌ವೇಯನ್ನು ಸುಮ್ಮನೆ ಹಳಿಯಲಾರರು. ಇಳಿಜಾರಿಗೂ ಅದರಿಂದ ರಸ್ತೆಗಿಂತ ಪೆಟ್ಟು ಕಡಿಮೆ. ಸಾವಿರಾರು ಕುದುರೆಯವರ, ಡೋಲಿಯವರ ಅನ್ನ ಏನಾಗುತ್ತದೆ ಎಂಬುದಕ್ಕೆ ಉತ್ತರ ಬೇಕು, ಅದು ಬೇರೆ ಮಾತು.

ನನ್ನ ಆತಂಕ ಅಂಕಿಯದು. ರೋಪ್‌ವೇಯ ಸಾಮರ್ಥ್ಯ ತಾಸಿಗೆ ಒಂದು ದಿಕ್ಕಿನಲ್ಲಿ 1,800 ಜನ. ದಿನಕ್ಕೆ 18 ಸಾವಿರ ಎಂದು ಲೆಕ್ಕ ಹಾಕಿದ್ದಾರೆ. ನಡೆದು ಹೋಗುವವರು ಇದ್ದೇ ಇರುತ್ತಾರೆ, ಹಾರಿ ಹೋಗುವವರೂ. ಇಷ್ಟು ದಿನ ದಾರಿಯ ಕಷ್ಟವೇ ಜನರನ್ನು ಜರಡಿ ಹಿಡಿಯುತ್ತಿತ್ತು. ಆ ಜರಡಿಯನ್ನು ನಾವೇ ತೆಗೆಯುತ್ತಿದ್ದೇವೆ. ತೆಗೆಯುವುದಾದರೆ ಅದರ ಜಾಗದಲ್ಲಿ ಬೇರೊಂದನ್ನು ಇಡಬೇಕಲ್ಲವೇ? ಗಾಳಿ ಜೋರಾದ ಮಧ್ಯಾಹ್ನ ತಂತಿಯ ಓಡಾಟ ನಿಂತಿತು ಎಂದುಕೊಳ್ಳಿ. ಮೇಲೆ ಬೆಚ್ಚನೆ ಬಟ್ಟೆಯಿಲ್ಲದೆ ಮೂವತ್ತಾರು ನಿಮಿಷದಲ್ಲಿ ಬಂದಿಳಿದ ಹತ್ತು ಸಾವಿರ ಜನ. ಅವರು ನಡೆದು ಇಳಿಯಲು ಸಿದ್ಧರಾಗಿ ಬಂದವರಲ್ಲ. ಎರಡು ಹೊಳೆಗಳ ನಡುವಿನ ಆ ಪಟ್ಟಿಯಲ್ಲಿ ಆ ರಾತ್ರಿ ಅವರಿಗೆಲ್ಲ ಸೂರು ಎಲ್ಲಿ?

ಆದ್ದರಿಂದ ನಾನು ಕೇಳುವುದು ಮೂರು ಸಂಗತಿ, ಇದರಲ್ಲಿ ಕಾಂಕ್ರೀಟಿನ ಖರ್ಚಿಲ್ಲ. ನಡೆದವರು, ಹಾರಿದವರು, ತಂತಿಯಲ್ಲಿ ಬಂದವರು ಎಲ್ಲರನ್ನೂ ಸೇರಿಸಿ ಮೇಲೆ ಒಂದು ಹೊತ್ತಿಗೆ ಇರಬಹುದಾದ ಜನರ ಮಿತಿ ಒಂದೇ ಇರಲಿ. ಅದನ್ನು ಭೂವಿಜ್ಞಾನಿಗಳು ಹೇಳಲಿ, ಹೋಟೆಲಿನವರಾಗಲಿ ಮಂತ್ರಿಗಳಾಗಲಿ ಬೇಡ. ದಿನನಿತ್ಯದ ಮಿತಿ ಕೆಲವು ವರ್ಷ ಕಾಗದದ ಮೇಲೆ ಇತ್ತು, ಒತ್ತಡ ಬಂದಾಗ ಸಡಿಲವಾಯಿತು. ಎರಡನೆಯದು, ಇವತ್ತು ಯಾತ್ರೆ ಬೇಡ ಎಂದು ಸೋನ್‌ಪ್ರಯಾಗದಲ್ಲೇ ಹೇಳುವ ಅಧಿಕಾರ ಒಬ್ಬ ಅಧಿಕಾರಿಗೆ ಇರಲಿ. ಹಾಗೆ ಹೇಳಿದ ಮರುದಿನ ಮಳೆ ಬಾರದೆ ಹೋದರೂ ಅವನ ವರ್ಗಾವಣೆ ಆಗದಿರಲಿ. ಮೂರನೆಯದು, ಚೋರಾಬಾರಿಯ ಮೇಲಿನ ಕಣಿವೆಯನ್ನು, ಅಲ್ಲಿ ಹುಟ್ಟಬಹುದಾದ ಹೊಸ ನೀರಿನ ಮಡುಗಳನ್ನು, ವರ್ಷವಿಡೀ ಕಣ್ಣಿಟ್ಟು ನೋಡುವ ಕಾಯಂ ಠಾಣೆ ಬೇಕು. 2013ರಲ್ಲಿ ವಾಡಿಯಾ ಶಿಬಿರದ ಮಳೆಮಾಪಕ 325 ಎಂದು ಬರೆದುಕೊಂಡಿತು. ಆ ಅಂಕಿ ನಮ್ಮ ಕೈಗೆ ಬಂದದ್ದು ಎಲ್ಲ ಮುಗಿದ ಮೇಲೆ, ಒಂದು ವಿಜ್ಞಾನ ಪತ್ರಿಕೆಯ ಪುಟದಲ್ಲಿ. ಎರಡು ಕಿಲೋಮೀಟರ್ ಕೆಳಗೆ ಗುಡಿಯೊಳಗೆ ಕೂತಿದ್ದವರಿಗೆ ಆ ರಾತ್ರಿಯೇ ಅದನ್ನು ಕೂಗಿ ಹೇಳುವ ತಂತಿಯೊಂದನ್ನು ಎಳೆಯುವುದಕ್ಕೆ 4,081 ಕೋಟಿ ಬೇಕಾಗುವುದಿಲ್ಲ.